ಕಡ್ಡಿಪೆಟ್ಟಿಗೆಯ ಹುಳ, ಬರಣಿಯ ಹುಳ: ಮನೆಯಲ್ಲಿ ಹುಳ ಸಾಕುವವರು ಯಾರಾದರೂ ಇದ್ದೀರಾ?

ಗುಮ್ಮಟದ ನೆರಳು, ವಿಜಯಪುರ | ಜೂನ್ 8

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತೇ ಮೊದಲ ಸಲ ಬರೆಯುತ್ತಿದ್ದೇನೆ. ಮಗಳಿಗೆ ಒಂಬತ್ತು ವರ್ಷ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗಿದ್ದವಳು ಬರುವಾಗ ಹುಳದ ಹುಚ್ಚು ಹಿಡಿಸಿಕೊಂಡು ಬಂದಳು. ಈಗ ಅಡುಗೆಮನೆ ಕಟ್ಟೆ ಮೇಲೆ ಉಪ್ಪಿನಕಾಯಿ ಬರಣಿ ಪಕ್ಕದಲ್ಲೇ ಇನ್ನೊಂದು ಬರಣಿ ಇದೆ. ಮನೆಯವಳು ದಿನಾ ಬೆಳಿಗ್ಗೆ ಎರಡನ್ನೂ ನೋಡುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ.

ಕೇಳಬೇಕಾದದ್ದು ಎರಡು.

ಕುಂಡದಲ್ಲಿರುವ ಲಿಂಬೆ ಗಿಡದಲ್ಲಿ ಏಳು ಕೀಡೆ ಸಿಕ್ಕವು. ಮೊದಲು ಹಕ್ಕಿ ಹಿಕ್ಕೆ ತರ ಇದ್ದವು, ಆಮೇಲೆ ಹಸಿರಾದವು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ತೆಗೆಯುತ್ತವೆ, ಕೆಟ್ಟ ವಾಸನೆ. ಚೆನ್ನಾಗಿ ತಿನ್ನುತ್ತಿದ್ದವು. ಮೊನ್ನೆಯಿಂದ ಎರಡೇ ದಿನದಲ್ಲಿ ನಾಲ್ಕು ಸತ್ತವು. ಮೆತ್ತಗಾಗಿ, ಬಾಯಿಂದ ಹಸಿರು ನೀರು ಬಿಟ್ಟು, ಜೋತುಬಿದ್ದು ಸತ್ತವು. ಮಗಳು ಅತ್ತಳು. ಎಲೆ ತಾಜಾ ಹಾಕಿದ್ದೇನೆ, ಮುಚ್ಚಳಕ್ಕೆ ತೂತೂ ಹಾಕಿದ್ದೇನೆ. ಮತ್ತೇನು ತಪ್ಪಾಯಿತು?

ಎರಡನೆಯದು, ದಾಳಿಂಬೆ ಟೊಂಗೆಗೆ ಏನೋ ಅಂಟಿಕೊಂಡಿದೆ. ಒಣಗಿದ ನೊರೆ ತರ, ಕಂದು ಬಣ್ಣ, ಉಗುರಿನಿಂದ ಒತ್ತಿದರೆ ಗಟ್ಟಿ. ಅಡಿಕೆಗಿಂತ ಸ್ವಲ್ಪ ದೊಡ್ಡದು. ಟೊಂಗೆ ಸಮೇತ ಕತ್ತರಿಸಿ ತಂದಿದ್ದೇನೆ. ಏನಿದು?

ಘಟಪ್ರಭಾ ತಮ್ಮ, ಗೋಕಾಕ | ಜೂನ್ 8

ಅಣ್ಣಾರೇ, ಎರಡನೆಯದಕ್ಕೆ ಕುಣಿದಾಡಿ! ಅದು ಸೂರ್ಯನ ಕುದುರೆಯ ಮೊಟ್ಟೆಗೂಡು. ಹೆಣ್ಣು ನೊರೆ ಬಿಡುತ್ತಾ ಬಿಡುತ್ತಾ ಅದರೊಳಗೆ ಸಾಲಾಗಿ ಮೊಟ್ಟೆ ಇಡುತ್ತೆ, ನೊರೆ ಗಾಳಿಗೆ ಗಟ್ಟಿಯಾಗುತ್ತೆ. ಒಳಗೆ ನೂರರ ಮೇಲೂ ಮರಿ ಇರಬಹುದು. ಉಗುರಿನಿಂದ ಒತ್ತೋದು ಮಾತ್ರ ಬಿಡಿ.

ಉದ್ದಕ್ಕೆ ಆಮೇಲೆ ಬರೆಯುತ್ತೇನೆ, ಈಗ ಅಂಗಡಿಯಲ್ಲಿ ಗಿರಾಕಿ ಇದ್ದಾರೆ.

ಸಂತೆಪೇಟೆ | ಜೂನ್ 8

ಹುಳ ಸಾಕೋ ಬದಲು ಒಂದು ಆಕಳು ಸಾಕ್ರಪ್ಪ. ಹಾಲಾದ್ರೂ ಕೊಡ್ತದೆ.

ಎರೆಹೊಲ, ಇಂಡಿ | ಜೂನ್ 8

ಹಾಲು ಬೇಡ, ಜೇನುಹುಳ ಹೂವಿಗೆ ಬರದಿದ್ದರೆ ನಿಮ್ಮ ಸೂರ್ಯಕಾಂತಿ ತೆನೆ ಅರ್ಧ ಜೊಳ್ಳು. ಆಕಳಿಗೆ ಹಿಂಡಿ ಎಲ್ಲಿಂದ ತರುತ್ತೀರಿ?

ಇರಲಿ. ಗುಮ್ಮಟದವರೇ, ನಗಬೇಡಿ, ನೀವು ಬರಣಿಯಲ್ಲಿ ಸಾಕುತ್ತಿರುವುದನ್ನು ನಾವು ಇಲ್ಲಿ ಹುಡುಕಿ ಹುಡುಕಿ ಕೊಲ್ಲುತ್ತೇವೆ. ನಮ್ಮದು ಲಿಂಬೆ ಊರು, ಇಂಡಿ ಲಿಂಬೆಗೆ ಜಿಐ ಟ್ಯಾಗ್ ಬಂದಿದ್ದು ನಿಮಗೂ ಗೊತ್ತು. ದೊಡ್ಡ ಗಿಡಕ್ಕೆ ಆ ಕೀಡೆಯಿಂದ ಅಂಥ ನಷ್ಟ ಏನಿಲ್ಲ. ಸಸಿಗೆ ಬಿದ್ದರೆ ಮಾತ್ರ ಮುಗಿಯಿತು. ಹೋದ ವರ್ಷ ಮಗಳ ಮದುವೆ ಗದ್ದಲದಲ್ಲಿ ನಾಲ್ಕು ದಿನ ತೋಟದ ಕಡೆ ಹೋಗಲಿಲ್ಲ. ಹೋಗಿ ನೋಡಿದರೆ ಹದಿನೈದು ಸಸಿ ಬರೀ ಕಡ್ಡಿ. ನನ್ನ ತೋಟದಿಂದ ಎಷ್ಟು ಬೇಕಾದರೂ ಕೀಡೆ ಒಯ್ಯಿರಿ, ಬಾಡಿಗೆಯನ್ನೂ ನಾನೇ ಕೊಡುತ್ತೇನೆ.

ಖಾನಾಪುರ ಮಳೆ | ಜೂನ್ 8

ಗುಮ್ಮಟದ ನೆರಳು ಅವರೇ, ಒಂದೇ ಪ್ರಶ್ನೆ. ಆ ತಾಜಾ ಎಲೆ ಎಲ್ಲಿಂದ ತಂದಿರಿ? ಕುಂಡದ ಗಿಡದ್ದೇನಾ?

ಗುಮ್ಮಟದ ನೆರಳು | ಜೂನ್ 9

ಮೊದಲು ಕುಂಡದ್ದೇ. ಗಿಡ ಸಣ್ಣದು, ಏಳೂ ಸೇರಿ ಬೋಳಿಸಿಬಿಟ್ಟವು. ಕರಿಬೇವೂ ತಿನ್ನುತ್ತವೆ ಅಂತ ಎಲ್ಲೋ ಓದಿದ್ದೆ. ಕಾಯಿಪಲ್ಲೆ ತರುವಾಗ ಎರಡು ಕಟ್ಟು ಕರಿಬೇವು ತಂದೆ. ತೊಳೆದೇ ಹಾಕಿದೆ.

ಖಾನಾಪುರ ಮಳೆ | ಜೂನ್ 9

ಹಾಗಾದರೆ ಕಾರಣ ಸಿಕ್ಕಿತು.

ಕರಿಬೇವು ತಿನ್ನುತ್ತವೆ ಅನ್ನೋದು ನಿಜ. ಲಿಂಬೆ, ಕರಿಬೇವು, ಪತ್ರಿ (ಬಿಲ್ವ) ಎಲ್ಲ ಒಂದೇ ಕುಟುಂಬದ ಗಿಡಗಳು, ಈ ಕೀಡೆಯ ತಾಯಿ ಪಾತರಗಿತ್ತಿ ಮೂರರ ಮೇಲೂ ಮೊಟ್ಟೆ ಇಡುತ್ತದೆ. ಆದರೆ ಮಾರಾಟಕ್ಕೆ ಬೆಳೆಯುವ ಕರಿಬೇವಿಗೆ ಔಷಧಿ ಹೊಡೆಯುತ್ತಾರೆ. ಯಾಕೆ ಹೊಡೆಯುತ್ತಾರೆ ಹೇಳಿ? ಇದೇ ಕೀಡೆ ಸಾಯಲಿ ಅಂತಲೇ! ಎಲೆ ಮೇಲೆ ಒಂದಿಷ್ಟು ಉಳಿದರೂ ಸಾಕು. ನಾವು ಒಗ್ಗರಣೆಗೆ ನಾಲ್ಕು ಎಲೆ ಹಾಕುತ್ತೇವೆ, ಅದು ತನ್ನ ಮೈತೂಕದ ಲೆಕ್ಕದಲ್ಲಿ ದಿನವಿಡೀ ಅದನ್ನೇ ತಿನ್ನುತ್ತದೆ. ಎಲೆಯೊಳಗೆ ಇಳಿದ ಔಷಧಿ ತೊಳೆದರೆ ಹೋಗುವುದಿಲ್ಲ. ಮೆತ್ತಗಾಗಿ ಹಸಿರು ಕಾರಿ ಸತ್ತವು ಅಂದಾಗಲೇ ಅನುಮಾನ ಬಂತು. ಕೆಲವು ರೋಗದಲ್ಲೂ ಹೀಗೇ ಆಗುತ್ತದೆ, ಆದರೆ ಎಲೆ ಬದಲಾದ ಎರಡೇ ದಿನಕ್ಕೆ ನಾಲ್ಕು ಅಂದರೆ ನನ್ನ ಬೆರಳು ಎಲೆ ಕಡೆಗೇ ಹೋಗುತ್ತದೆ.

ಉಳಿದ ಮೂರನ್ನು ಈಗಲೇ ಬೇರೆ ಡಬ್ಬಿಗೆ ಹಾಕಿ, ಹಳೆಯದನ್ನು ಸೋಪು ಹಾಕಿ ತೊಳೆಯಿರಿ. ಗುಡಿಯ ಅಂಗಳದಲ್ಲೋ ಪರಿಚಯದವರ ಮನೆಯಲ್ಲೋ ಪತ್ರಿ ಗಿಡ ಇದ್ದರೆ ಎಳೆ ಎಲೆ ತನ್ನಿ. ಪತ್ರಿಗೆ ಯಾರೂ ಔಷಧಿ ಹೊಡೆಯುವುದಿಲ್ಲ.

ಇನ್ನೊಂದು ಮಾತು. ಕೋಶ ಕಟ್ಟುವ ಹಿಂದಿನ ದಿನ ಕೀಡೆ ತಿನ್ನೋದು ಬಿಟ್ಟು ಡಬ್ಬಿ ತುಂಬಾ ಓಡಾಡುತ್ತದೆ. ನೀರು ನೀರಾಗಿ ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ. ಅದನ್ನು ನೋಡಿ ಮತ್ತೆ ಕಾಯಿಲೆ ಬಂತು ಅಂತ ಹೆದರಬೇಡಿ. ಒಂದು ಒಣಕಡ್ಡಿ ಓರೆಯಾಗಿ ನಿಲ್ಲಿಸಿ. ಕಡ್ಡಿಗೆ ಬಾಲ ಅಂಟಿಸಿ ಸೊಂಟದ ಸುತ್ತ ಒಂದು ಎಳೆ ದಾರ ಬಿಗಿದುಕೊಳ್ಳುತ್ತದೆ. ಕರೆಂಟ್ ಕಂಬದ ಮೇಲೆ ಲೈನ್‌ಮನ್ ಪಟ್ಟಿ ಬಿಗಿದು ಹಿಂದಕ್ಕೆ ಒರಗಿರುತ್ತಾನಲ್ಲ, ಥೇಟ್ ಹಾಗೆ.

ಗುಮ್ಮಟದ ನೆರಳು | ಜೂನ್ 9, ಸಂಜೆ

ಪತ್ರಿ ಸಿಕ್ಕಿತು. ನಮ್ಮ ಓಣಿಯ ಗುಡಿಯಲ್ಲೇ ಗಿಡ ಇದೆ, ಇಷ್ಟು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ. ಪೂಜಾರಿ ಕಾಕಾ, "ಸೋಮವಾರ ಅಲ್ಲ, ಏನಿಲ್ಲ, ಯಾವ ದೇವರಿಗೋ ತಮ್ಮಾ?" ಅಂದರು. ಮನೆಯಲ್ಲಿ ಮೂರು ದೇವರಿವೆ ಕಾಕಾ ಅಂದೆ.

ಮೂರೂ ತಿನ್ನುತ್ತಿವೆ.

ಟಿಳಕವಾಡಿ ಅಕ್ಕ, ಬೆಳಗಾವಿ | ಜೂನ್ 10

ಎಲ್ಲರೂ ಖುಷಿಯಲ್ಲಿದ್ದೀರಿ, ನಾನೊಬ್ಬಳು ನಡುವೆ ಕಡ್ಡಿ ಆಡಿಸುತ್ತೇನೆ. ಹಿಡಿದು ಬರಣಿಗೆ ಹಾಕುವುದು ಯಾಕೆ?

ನಮ್ಮದು ಜೈನ ಮನೆ. ಅಜ್ಜಿ ಬಾವಿ ನೀರು ಸೋಸಿದ ಬಟ್ಟೆಯನ್ನು ಜಾಡಿಸಿ ಎಸೆಯುತ್ತಿರಲಿಲ್ಲ. ಅದೇ ಬಾವಿಯ ನೀರನ್ನೇ ಅದರ ಮೇಲೆ ಹಾಕಿ, ಅದರಲ್ಲಿದ್ದ ಕಣ್ಣಿಗೆ ಕಾಣದ ಜೀವಗಳನ್ನು ತಿರುಗಿ ಬಾವಿಗೇ ಇಳಿಬಿಡುತ್ತಿದ್ದಳು. ದೀಪಕ್ಕೆ ಹುಳ ಬಿದ್ದು ಸಾಯಬಾರದು ಅಂತ ಹೊತ್ತು ಮುಳುಗುವ ಮುಂಚೆ ಊಟ. ಮಳೆಗಾಲದಲ್ಲಿ ನೆಲದ ತುಂಬಾ ಜೀವ ಇರುತ್ತದೆ ಅಂತಲೇ ಮುನಿಗಳು ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುತ್ತಾರೆ, ಅದೇ ಚಾತುರ್ಮಾಸ. ನಾನು ಅಜ್ಜಿಯಷ್ಟು ಗಟ್ಟಿಯಲ್ಲ, ಜಿರಲೆ ಕಂಡರೆ ಚಪ್ಪಲಿ ಹುಡುಕುತ್ತೇನೆ. ಆದರೂ ಬರಣಿ ನೋಡಿದರೆ ಮನಸ್ಸು ಒಪ್ಪುವುದಿಲ್ಲ.

ನಾನು ಮಾಡುವುದು ಇಷ್ಟೇ, ಹುಳ ಸಾಕುವುದಿಲ್ಲ, ಗಿಡ ಸಾಕುತ್ತೇನೆ. ಕಂಪೌಂಡಿನ ಮೂಲೆಯಲ್ಲಿ ಒಂದು ಎಕ್ಕೆ, ಗೇಟಿನ ಹತ್ತಿರ ಒಂದು ಕಣಗಿಲೆ. ಎಕ್ಕೆಗೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಕೀಡೆ ಬರುತ್ತವೆ, ಮೈಮೇಲೆ ಮೂರು ಜೊತೆ ಕರಿ ಮೀಸೆ. ಎಕ್ಕೆ ಹಾಲಿನ ವಿಷವನ್ನು ಮೈಯಲ್ಲಿ ಇಟ್ಟುಕೊಳ್ಳುವುದರಿಂದ ಹಕ್ಕಿಗಳು ಅವುಗಳ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಕಣಗಿಲೆಯದು ಇನ್ನೂ ಮಜಾ. ಎಲೆ ಕೆಳಗೆ ಕೋಶ ಜೋತಾಡುತ್ತಿರುತ್ತದೆ, ಪೂರ್ತಿ ಬೆಳ್ಳಿ. ಬೆಳ್ಳಿ ಬಣ್ಣ ಅಂತಲ್ಲ, ಉಜ್ಜಿದ ಬೆಳ್ಳಿ ಬಟ್ಟಲು ತರ. ಹತ್ತಿರ ಹೋಗಿ ನೋಡಿದೆ, ಅದರಲ್ಲಿ ನನ್ನ ಮುಖ, ಹಿಂದಿನ ಗೇಟು, ಗೇಟಿನಾಚೆ ನಿಂತ ಹಾಲಿನ ಗಾಡಿ ಎಲ್ಲ ಸಣ್ಣಗೆ ಡೊಂಕಾಗಿ ಕಾಣಿಸಿತು. ಅದರಿಂದ ಬರುವುದು ಕಪ್ಪುಗಂದು ಬಣ್ಣದ ಸಾದಾ ಪಾತರಗಿತ್ತಿ. ನಾನು ಒಂದನ್ನೂ ಮುಟ್ಟಿಲ್ಲ, ಎಲ್ಲ ನೋಡಿದ್ದೇನೆ.

ಘಟಪ್ರಭಾ ತಮ್ಮ | ಜೂನ್ 10

ಅಕ್ಕಾರೇ, ನಿಮ್ಮ ಮಾತಿಗೆ ಎದುರಾಡಲ್ಲ. ಆದರೆ ಎಲ್ಲರಿಗೂ ಕಂಪೌಂಡ್ ಇರಬೇಕಲ್ಲ. ನನ್ನದು ಅಂಗಡಿ ಮೇಲಿನ ಒಂದು ರೂಮು, ಗಿಡ ಇಡಲು ಇರೋದು ಕಿಟಕಿ ಒಂದೇ.

ಈಗ ಗುಮ್ಮಟದ ಅಣ್ಣಾರಿಗೆ ಉದ್ದಕ್ಕೆ ಬರೆಯುತ್ತೇನೆ. ಆರು ವರ್ಷದಿಂದ ಸೂರ್ಯನ ಕುದುರೆ ಸಾಕಿದ್ದೇನೆ, ತಪ್ಪುಗಳನ್ನೆಲ್ಲ ನಾನೇ ಮಾಡಿ ಮುಗಿಸಿದ್ದೇನೆ.

ಮೊಟ್ಟೆಗೂಡು ಟೊಂಗೆಗೆ ಹೇಗೆ ಅಂಟಿತ್ತೋ ಹಾಗೇ ನಿಲ್ಲಿಸಿ, ತಲೆಕೆಳಗು ಮಾಡಬೇಡಿ. ಬರಣಿ ಬೇಡ. ಸೊಳ್ಳೆಪರದೆಯ ಬಟ್ಟೆ ತಂದು ತಂತಿಯ ಚೌಕಟ್ಟಿಗೆ ಹೊಲಿಸಿ, ಎತ್ತರದ ಪಂಜರ ಮಾಡಿ. ವಿಜಯಪುರದ ಬಿಸಿಲಲ್ಲಿ ಗಾಜಿನ ಬರಣಿಯನ್ನು ಕಿಟಕಿಯಲ್ಲಿಟ್ಟರೆ ಒಳಗೆ ಒಲೆ ಹಚ್ಚಿದ ಹಾಗೇ. ಎರಡು ದಿನಕ್ಕೊಮ್ಮೆ ಸ್ಪ್ರೇ ಬಾಟಲಿಯಿಂದ ಮಂಜಿನಷ್ಟು ನೀರು ಹೊಡೆಯಿರಿ, ತೋಯಿಸಬೇಡಿ. ಆಮೇಲೆ ಕಾಯಿರಿ. ಒಂದು ದಿನ ಬೆಳಿಗ್ಗೆ ಗೂಡಿನಿಂದ ಎಳೆ ಎಳೆಯಾಗಿ ಶ್ಯಾವಿಗೆ ಜೋತುಬಿದ್ದ ಹಾಗೆ ಮರಿಗಳು ಇಳಿಯುತ್ತವೆ. ಅರ್ಧ ಗಂಟೆ ನೋಡುತ್ತಾ ಕೂತರೆ ಚಹಾ ಆರಿಹೋಗುತ್ತೆ.

ಅಷ್ಟನ್ನೂ ಸಾಕುವ ಆಸೆ ಬೇಡ. ಹಸಿದರೆ ಒಂದನ್ನೊಂದು ತಿನ್ನುತ್ತವೆ. ನಾಲ್ಕೈದು ಇಟ್ಟುಕೊಂಡು ಉಳಿದವನ್ನು ಗಿಡಗಳ ಮೇಲೆ ದೂರ ದೂರ ಬಿಡಿ. ಇಟ್ಟುಕೊಂಡವನ್ನೂ ಒಂದೊಂದು ಡಬ್ಬಿಯಲ್ಲಿ ಬೇರೆ ಇಡಿ. ಮೊದಲ ವಾರಗಳಲ್ಲಿ ಮಾಗಿದ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣ ಸಾಕು. ಬಾಳೆಸಿಪ್ಪೆ ಒಂದು ಬಾಟಲಿಯಲ್ಲಿ ಹಾಕಿಟ್ಟರೆ ಅವು ತಾವೇ ಹುಟ್ಟುತ್ತವೆ. ವೈನಿಯವರಿಗೆ ಆ ಬಾಟಲಿ ತೋರಿಸಬೇಡಿ.

ಪೊರೆ ಬಿಡುವಾಗ ತಲೆಕೆಳಗಾಗಿ ಜೋತುಬಿದ್ದು ಹಳೆ ಚರ್ಮದಿಂದ ಜಾರಿ ಹೊರಬರುತ್ತೆ. ಅದಕ್ಕೆ ಕೆಳಗೆ ಜಾಗ ಬೇಕು. ಹುಳದ ಉದ್ದಕ್ಕಿಂತ ಮೂರು ಪಟ್ಟಾದರೂ ಡಬ್ಬಿ ಎತ್ತರ ಇರಲಿ, ಮೇಲೆ ಹಿಡಿದುಕೊಳ್ಳಲು ಬಟ್ಟೆಯೋ ಕಡ್ಡಿಯೋ ಇರಲಿ. ನನ್ನ ಮೊದಲನೆಯದು ಗಿಡ್ಡ ಡಬ್ಬಿಯಲ್ಲಿ ಪೊರೆ ಬಿಡಲು ಹೋಗಿ ನೆಲಕ್ಕೆ ತಾಗಿತು. ಕಾಲು ಹಪ್ಪಳದ ಹಾಗೆ ಸೊಟ್ಟಗಾಗಿ ಹಾಗೇ ಗಟ್ಟಿಯಾಯಿತು. ಬೇಟೆ ಹಿಡಿಯಲು ಬರಲೇ ಇಲ್ಲ. ಹದಿನೈದು ದಿನ ಕೈಯಾರೆ ತಿನ್ನಿಸಿದೆ, ಆಮೇಲೆ ಹೋಯಿತು.

ಎರಡನೆಯದನ್ನು ಕೊಂದದ್ದು ಸೊಳ್ಳೆ ಮಷೀನ್. ಗೋಡೆಗೆ ಸಿಕ್ಕಿಸ್ತೀವಲ್ಲ, ಅದೇ. ಸೊಳ್ಳೆಗೆ ವಿಷ ಆದದ್ದು ಸೂರ್ಯನ ಕುದುರೆಗೆ ಅಮೃತ ಆಗುತ್ತಾ? ರಾತ್ರಿ ಹಚ್ಚಿ ಮಲಗಿದೆ, ಬೆಳಿಗ್ಗೆ ಕಾಲುಗಳನ್ನು ನಡುಗಿಸುತ್ತಾ ಬಿದ್ದಿತ್ತು. ಹುಳ ಇರುವ ರೂಮಲ್ಲಿ ಕಾಯಿಲ್, ಮಷೀನ್, ಜಿರಲೆ ಸ್ಪ್ರೇ ಯಾವುದೂ ಬೇಡ. ಈಗ ನಾನೇ ಪರದೆ ಒಳಗೆ ಮಲಗುತ್ತೇನೆ. ಅದು ಹೊರಗೆ, ನಾನು ಪಂಜರದಲ್ಲಿ.

ಮಗಳಿಗೆ ಹೇಳಲು ಒಂದು ಮಜಾ ಸಂಗತಿ. ಬಹಳಷ್ಟು ಸೂರ್ಯನ ಕುದುರೆಗಳಿಗೆ ಕಿವಿ ಒಂದೇ. ಅದೂ ತಲೆಯಲ್ಲಿಲ್ಲ, ಎದೆಯ ಕೆಳಗೆ ಹಿಂಗಾಲುಗಳ ನಡುವೆ. ರಾತ್ರಿ ಹಾರುವಾಗ ಬಾವಲಿ ಬಿಡುವ, ನಮಗೆ ಕೇಳಿಸದ ಸದ್ದು ಅದಕ್ಕೆ ಕೇಳಿಸುತ್ತೆ. ಕೇಳಿದ ಕೂಡಲೇ ಗಿರಕಿ ಹೊಡೆದು ಕೆಳಗೆ ಬೀಳುತ್ತೆ.

ಎರೆಹೊಲ | ಜೂನ್ 10

ಹಸಿರು ಕೀಡೆಯನ್ನು ಅದು ತಿನ್ನುತ್ತದಾ? ತೊಗರಿಗೆ ಕಾಯಿಕೊರಕ ಬಿದ್ದಾಗ ನಾವು ಗಿಡ ಅಲುಗಾಡಿಸಿ ಸೀರೆ ಹಾಸಿ ಕೀಡೆ ಕೆಡವಿಕೊಳ್ಳುತ್ತೇವೆ. ನಿಮ್ಮ ಕುದುರೆಗಳನ್ನು ಒಂದು ಲಾರಿ ಕಳಿಸಿ.

ಘಟಪ್ರಭಾ ತಮ್ಮ | ಜೂನ್ 10

ತಿನ್ನುತ್ತೆ ಕಾಕಾ. ಆದರೆ ಜೇನುಹುಳನೂ ತಿನ್ನುತ್ತೆ, ಪಾತರಗಿತ್ತಿನೂ ತಿನ್ನುತ್ತೆ, ಗಂಡನ್ನೂ ತಿನ್ನುತ್ತೆ. ಅದಕ್ಕೆ ರೈತನ ಮಿತ್ರ, ಶತ್ರು ಅಂತೆಲ್ಲ ಭೇದ ಇಲ್ಲ.

ಶಾಲೆ ಗಂಟೆ, ಬಾದಾಮಿ ತಾಲೂಕು | ಜೂನ್ 11

ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ತಲೆಬರಹದಲ್ಲಿ ಕಡ್ಡಿಪೆಟ್ಟಿಗೆ ಅಂತ ನೋಡಿ, ಮಿರಗದ (ಮೃಗಶಿರಾ) ಮಳೆಗೆ ಏಳುವ ಕೆಂಪು ಮಿರಗದ ಹುಳದ ಮಾತು ಬರುತ್ತದೆ ಅಂದುಕೊಂಡಿದ್ದೆ. ಯಾರೂ ಎತ್ತಲೇ ಇಲ್ಲ!

ಮೊನ್ನೆ ಮಿರಗ ಕೂಡಿತಲ್ಲ, ನಿನ್ನೆ ಒಂದು ಒಳ್ಳೆ ಮಳೆ ಆಯಿತು. ಇವತ್ತು ಬೆಳಿಗ್ಗೆ ಶಾಲೆ ಹಿಂದಿನ ಕೆಂಪು ನೆಲದ ಮೇಲೆ ಹದಿನೆಂಟು ಎಣಿಸಿದೆವು. ಕುಂಕುಮಕ್ಕಿಂತ ಕೆಂಪು, ಮುಟ್ಟಿದರೆ ಮಖಮಲ್ಲು. ಬೆರಳು ತಾಗಿದ ಕೂಡಲೇ ಕಾಲು ಮಡಚಿ ಗುಂಡಗಾಗುತ್ತದೆ, ಅರ್ಧ ನಿಮಿಷ ಬಿಟ್ಟು ಮತ್ತೆ ಮೆಲ್ಲಗೆ ನಡೆಯುತ್ತದೆ. ಮಕ್ಕಳಿಗೆ ಕಾಲು ಎಣಿಸಿರಿ ಅಂದೆ. ಆರು ಅಂತ ಪುಸ್ತಕದಲ್ಲಿ ಓದಿದವರೆಲ್ಲ ಸೋತರು, ಎಂಟು. ಅದು ಹುಳದ ಜಾತಿಯೇ ಅಲ್ಲ, ಜೇಡ, ಚೇಳು, ಉಣ್ಣೆಗಳ ಬಳಗ. ಮರಿಯಾಗಿದ್ದಾಗ ಮಾತ್ರ ಆರು ಕಾಲು, ಆಗ ಮಿಡತೆಯಂಥ ಕೀಟಗಳ ಮೈಗೆ ಅಂಟಿಕೊಂಡು ರಸ ಹೀರುತ್ತದೆ. ದೊಡ್ಡದಾದ ಮೇಲೆ ವರ್ಷದ ಬಹುಪಾಲು ಮಣ್ಣೊಳಗೇ ಇರುತ್ತದೆ. ಮೊದಲ ಮಳೆ ಬಿದ್ದಾಗ ತಿನ್ನಲಿಕ್ಕೆ, ಕೂಡಲಿಕ್ಕೆ ಅಂತ ಕೆಲವೇ ತಾಸು ಮೇಲೆ ಬರುತ್ತದೆ. ಅದೇ ಹೊತ್ತಿಗೆ ರೆಕ್ಕೆಯ ಗೆದ್ದಲೂ ಏಳುತ್ತವೆ, ಅದಕ್ಕೆ ಊಟ ಸಿಕ್ಕಿತು.

ನಾವು ಸಣ್ಣವರಿದ್ದಾಗ ಕಡ್ಡಿಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಇಡುತ್ತಿದ್ದೆವು, ಹುಲ್ಲು ಹಾಕುತ್ತಿದ್ದೆವು. ಅದು ಹುಲ್ಲು ತಿನ್ನುವುದೇ ಇಲ್ಲ! ಎರಡು ದಿನಕ್ಕೆ ಸಾಯುತ್ತಿತ್ತು, ಅಷ್ಟರಲ್ಲಿ ನಮಗೆ ಬೇರೆ ಆಟ ಸಿಕ್ಕಿರುತ್ತಿತ್ತು. ಈಗ ಲೆಕ್ಕ ಹಾಕಿದರೆ ಹೊಟ್ಟೆಯಲ್ಲಿ ಕಸಿವಿಸಿ. ವರ್ಷಕ್ಕೊಂದು ಸಲ ಕೆಲವು ತಾಸು ಹೊರಗೆ ಬರುವ ಜೀವವನ್ನು ಆ ತಾಸಿನಲ್ಲೇ ಹಿಡಿದು ಡಬ್ಬಿಗೆ ಹಾಕಿದಂತಾಯಿತು. ಔಷಧಿ, ಎಣ್ಣೆ ಅಂತ ಹಿಡಿದು ಮಾರುವುದೂ ಇದೆ. ಇವತ್ತು ಮಕ್ಕಳಿಗೆ ಅಂಗೈ ಮೇಲೆ ಬಿಟ್ಟುಕೊಂಡು ನೂರು ಎಣಿಸಿ ಅಲ್ಲೇ ಇಳಿಸಿರಿ ಅಂದೆ. ಒಬ್ಬ ಹುಡುಗ ಬಹಳ ನಿಧಾನ ಎಣಿಸಿದ.

ಟಿಳಕವಾಡಿ ಅಕ್ಕ | ಜೂನ್ 11

ನೂರು ಎಣಿಸುವುದಕ್ಕೆ ನನ್ನ ಒಪ್ಪಿಗೆ ಇದೆ.

ಶಾಲೆ ಗಂಟೆ | ಜೂನ್ 11

ಅಕ್ಕಾ, ಇದಕ್ಕೂ ಒಪ್ಪಿಗೆ ಕೊಡಿ, ರೇಷ್ಮೆ ಹುಳ. ಹೋದ ವರ್ಷ ಪರಿಚಯದ ರೈತರೊಬ್ಬರಿಂದ ನಲವತ್ತು ಹುಳ ತಂದು ತರಗತಿಯಲ್ಲಿ ಸಾಕಿದೆವು. ಅದನ್ನು ಹೊರಗೆ ಬಿಟ್ಟರೆ ಬದುಕುವುದಿಲ್ಲ, ಸಾವಿರಾರು ವರ್ಷದಿಂದ ಮನುಷ್ಯರ ಮನೆಯಲ್ಲೇ ಬೆಳೆದು ಪತಂಗಕ್ಕೆ ಹಾರುವುದೂ ಮರೆತುಹೋಗಿದೆ. ಮೊಟ್ಟೆಯಿಂದ ಬಂದಾಗ ಕೂದಲೆಳೆಯಷ್ಟು ಇದ್ದದ್ದು ನಾಲ್ಕು ಸಲ ಪೊರೆ ಬಿಟ್ಟು ತಿಂಗಳೊಳಗೆ ಬೆರಳುದ್ದ ಆಗುತ್ತದೆ, ತೂಕ ಹತ್ತಿರ ಹತ್ತಿರ ಹತ್ತು ಸಾವಿರ ಪಟ್ಟು. ಕೊನೆಯ ವಾರ ಹಿಪ್ಪುನೇರಳೆ ಸೊಪ್ಪು ಹಾಕಿ ಮಕ್ಕಳನ್ನು ಸುಮ್ಮನಿರಿಸಿದರೆ ಹಂಚಿನ ಮೇಲೆ ಜಿಟಿಜಿಟಿ ಮಳೆ ಬಿದ್ದ ಸದ್ದು. ನಲವತ್ತಕ್ಕೇ ಹಾಗೆ. ತೋಯ್ದ ಸೊಪ್ಪು ಹಾಕಬಾರದು, ಒರೆಸಿ ಹಾಕಬೇಕು. ಇರುವೆ ಬಹಳ ಕಾಟ ಕೊಡುತ್ತವೆ, ಮೇಜಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಲ್ಲಿ ಇಟ್ಟೆವು.

ಇಳಕಲ್ ಸೀರೆ ಸೆರಗಿಗೆ ಕೈಯಾಡಿಸುತ್ತಾ ಒಬ್ಬಳು ಹುಡುಗಿ ಕೇಳಿದಳು, "ಟೀಚರ್, ಇದಕ್ಕ ಎಷ್ಟು ಹುಳಾ ಬೇಕ್ರಿ?" ನನ್ನ ಸೆರಗು ಆರ್ಟ್ ಸಿಲ್ಕು, ಅಂದರೆ ಕೃತಕ ರೇಷ್ಮೆ. ಬಚಾವಾದೆ.

ಇರುವೆ ಸಾಲು, ಬೆಳಗಾವಿ | ಜೂನ್ 13

ಇರುವೆ ಕಾಟ ಅಂದರಲ್ಲ, ನಾನು ಇರುವೆಯನ್ನೇ ಸಾಕುತ್ತಿದ್ದೇನೆ. ಎಂಜಿನಿಯರಿಂಗ್ ಓದುತ್ತಿದ್ದೇನೆ, ಹಾಸ್ಟೆಲ್‌ನಲ್ಲಿ ನಾಯಿ ಬೆಕ್ಕು ಬಿಡಲ್ಲ.

ಮೊದಲ ಮಳೆ ಆದ ರಾತ್ರಿ ಬೀದಿದೀಪದ ಕೆಳಗೆ ರೆಕ್ಕೆ ಉದುರಿಸಿಕೊಂಡ ದೊಡ್ಡ ಕಪ್ಪು ಇರುವೆ ಒಂಟಿಯಾಗಿ ಓಡಾಡುತ್ತಿದ್ದರೆ ಅದು ರಾಣಿ. ಗಾಜಿನ ನಳಿಕೆಯ ತಳಕ್ಕೆ ನೀರು ಹಾಕಿ, ಹತ್ತಿ ತುರುಕಿ, ರಾಣಿಯನ್ನು ಬಿಟ್ಟು, ಬಾಯಿಗೆ ಇನ್ನೊಂದು ಹತ್ತಿ ಹಾಕಬೇಕು. ಆಮೇಲೆ ಕತ್ತಲಲ್ಲಿ ಇಟ್ಟು ಮರೆತುಬಿಡಬೇಕು. ಊಟವೇ ಬೇಡ. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿಕೊಂಡು ಮೊದಲ ಮಕ್ಕಳನ್ನು ಬೆಳೆಸುತ್ತದೆ. ಹೋದ ವರ್ಷ ದಿನಾ ಟಾರ್ಚ್ ಹಾಕಿ ಇಣುಕಿದೆ, ಗಾಬರಿಗೆ ಮೊಟ್ಟೆಯನ್ನೆಲ್ಲ ತಾನೇ ತಿಂದುಬಿಟ್ಟಿತು. ಈ ಸಲ ಸಾಕ್ಸ್ ಒಳಗೆ ಸುತ್ತಿ ಟ್ರಂಕ್ ತಳಕ್ಕೆ ಹಾಕಿದ್ದೇನೆ. ಆ ಸಾಕ್ಸ್ ಹತ್ತಿರ ನಾನೇ ಹೋಗಲ್ಲ, ಅಂಥ ಸಾಕ್ಸ್.

ಕ್ವಾರಿ ಹುಡುಗ, ಇಳಕಲ್ | ಜೂನ್ 15

ನನ್ನ ಹತ್ತಿರ ಚೇಳು ಇದೆ. ಕಲ್ಲು ಎತ್ತಿದಾಗ ಸಿಕ್ಕಿತು. ಕೆಂಪುಕಂದು, ಎರಡೂವರೆ ಇಂಚು. ನೇರಳೆ ಟಾರ್ಚ್ ಬಿಟ್ಟರೆ ಹಸಿರಾಗಿ ಹೊಳೆಯುತ್ತೆ, ಸೂಪರ್. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಏನು ಹಾಕಬೇಕು? ಮೊನ್ನೆ ಬೆನ್ನಿನ ಮೇಲೆ ಬಿಳಿ ಮರಿ ಹತ್ತಿಸಿಕೊಂಡಿದೆ, ಇಪ್ಪತ್ತರ ಮೇಲೆ ಇವೆ.

ನೈಟ್ ಡ್ಯೂಟಿ, ಬಾಗಲಕೋಟೆ | ಜೂನ್ 15

ತಮ್ಮಾ, ಸಿಟ್ಟಾಗಬೇಡ, ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ನಾನು ನರ್ಸ್.

ಇಕ್ಕಳ ಸಣ್ಣಗೆ, ಬಾಲ ದಪ್ಪಗೆ ಇದೆಯಾ? ಹಾಗಿದ್ದರೆ ಅದು ನಮ್ಮ ಕಡೆಯ ಕೆಂಪು ಚೇಳೇ ಇರಬೇಕು. ಜಗತ್ತಿನಲ್ಲೇ ಬಹಳ ಅಪಾಯದ ಚೇಳುಗಳಲ್ಲಿ ಒಂದು. ದೊಡ್ಡ ಇಕ್ಕಳದ ಕರಿ ಚೇಳಿನ ಹಾಗೆ ಅಲ್ಲ ಇದು. ಮರಿಗಳು ಮೊದಲ ಪೊರೆ ಬಿಟ್ಟ ಮೇಲೆ ತಾಯಿ ಬೆನ್ನಿನಿಂದ ಇಳಿಯುತ್ತವೆ. ನಿನ್ನ ಮುಚ್ಚಳದ ತೂತು ಎಷ್ಟು ದೊಡ್ಡದು? ಈಗಲೇ ಹೋಗಿ ನೋಡು, ಆಮೇಲೆ ಮುಂದಕ್ಕೆ ಓದು.

ಈ ಚೇಳು ಕಡಿದರೆ ನೋವಷ್ಟೇ ಅಲ್ಲ. ಮೈ ಬೆವರುತ್ತದೆ, ಕೈಕಾಲು ತಣ್ಣಗಾಗುತ್ತವೆ, ವಾಂತಿ, ಎದೆ ಹೊಡೆದುಕೊಳ್ಳುತ್ತದೆ. ಮಕ್ಕಳಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಬರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ರಾತ್ರಿ ಎರಡು ಗಂಟೆಗೆ ಐದು ವರ್ಷದ ಹುಡುಗನನ್ನು ಕರೆತಂದರು. ಕಡಿದು ಮೂರು ತಾಸು ಆಗಿತ್ತು. ಮೊದಲು ಮಂತ್ರ ಹಾಕಿಸಿಕೊಂಡು ಬಂದಿದ್ದರು. ಅಂಗಿ ಪೂರ್ತಿ ಬೆವರಿಗೆ ತೋಯ್ದಿತ್ತು, ಕೈ ಮಾತ್ರ ಮಂಜುಗಡ್ಡೆ. ಉಳಿದ, ಆದರೆ ಆ ರಾತ್ರಿ ಅವನ ಅವ್ವ ನನ್ನ ಕೈ ಬಿಡಲಿಲ್ಲ.

ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅಂತ ಇದ್ದಾರೆ. 1980ರ ದಶಕದಲ್ಲಿ ಅವರು ಬಿ.ಪಿ.ಗೆ ಕೊಡುವ ಪ್ರಾಜೋಸಿನ್ ಗುಳಿಗೆ ಈ ಚೇಳಿನ ವಿಷಕ್ಕೆ ಕೆಲಸ ಮಾಡುತ್ತದೆ ಅಂತ ತೋರಿಸಿದರು. ಅದರಿಂದ ಸಾವು ಬಹಳ ಕಡಿಮೆಯಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆದರೆ ಗುಳಿಗೆ ಕೆಲಸ ಮಾಡಬೇಕಾದರೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಬೇಕು. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮನೆಯಲ್ಲೇ ಗುಳಿಗೆ ನುಂಗಿಸುವುದು ಯಾವುದೂ ಬೇಡ.

ಕ್ವಾರಿ ಹುಡುಗ | ಜೂನ್ 15

ಅಕ್ಕಾ, ಯಾದಗಿರಿ ಕಡೆ ಕಂದಕೂರಲ್ಲಿ ನಾಗರ ಪಂಚಮಿ ದಿನ ಮಕ್ಕಳೂ ಚೇಳು ಕೈಯಲ್ಲಿ ಹಿಡಿಯುತ್ತಾರಲ್ಲ?

ನೈಟ್ ಡ್ಯೂಟಿ | ಜೂನ್ 15

ಹಿಡಿಯುತ್ತಾರೆ, ನಾನೂ ವಿಡಿಯೋ ನೋಡಿದ್ದೇನೆ. ಅಲ್ಲಿನ ನಂಬಿಕೆ ಅವರದ್ದು. ನಿನ್ನ ಡಬ್ಬಿಯ ಚೇಳಿಗೆ ಪಂಚಮಿ ಯಾವಾಗ ಅಂತ ಗೊತ್ತಿದೆಯಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ?

ಕ್ವಾರಿ ಹುಡುಗ | ಜೂನ್ 16

ತಂಗಿ ಇದ್ದಾಳೆ, ಆರು ವರ್ಷ. ಬೆಳಿಗ್ಗೆ ಡಬ್ಬಿಯನ್ನು ಬಕೆಟ್‌ನಲ್ಲಿಟ್ಟು ಗುಡ್ಡದ ಕಡೆ ಒಯ್ದು, ಉದ್ದ ಕೋಲಿನಿಂದ ಮುಚ್ಚಳ ತೆಗೆದು ಕಲ್ಲಿನ ಸಂದಿಗೆ ಬಿಟ್ಟು ಬಂದೆ. ಮರಿ ಎಲ್ಲ ಬೆನ್ನ ಮೇಲೇ ಇದ್ದವು, ಎಣಿಸಿದೆ, 23. ಟಾರ್ಚ್ ಇಟ್ಟುಕೊಂಡಿದ್ದೇನೆ. ರಾತ್ರಿ ಬೂಟು ಹಾಕಿಕೊಂಡು ದೂರದಿಂದ ನೋಡಬಹುದಾ?

ನೈಟ್ ಡ್ಯೂಟಿ | ಜೂನ್ 16

ಬೂಟು, ಟಾರ್ಚ್, ಜೊತೆಗೊಬ್ಬರು. ಕಲ್ಲಿನ ಸಂದಿಗೆ ಕೈ ಹಾಕಕೂಡದು. ಶಾಣ್ಯಾ ಇದ್ದೀ.

ಖಾನಾಪುರ ಮಳೆ | ಜೂನ್ 17

ಇದೇ ಸಾಲಿನಲ್ಲಿ ಒಂದು ಮಾತು. ಆನ್‌ಲೈನ್‌ನಲ್ಲಿ ಹೊರದೇಶದ ದೊಡ್ಡ ರೋಮದ ಜೇಡ, ಆಫ್ರಿಕಾದ ಕರಿ ಚಕ್ರವರ್ತಿ ಚೇಳು ಅಂತ ಮಾರುವವರಿದ್ದಾರೆ. ಆ ಚೇಳು, ಕೆಲವು ಜೇಡಗಳು ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ. 2022ರ ತಿದ್ದುಪಡಿ ಆದ ಮೇಲೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಇದಕ್ಕೆ ಜಾಗ ಇದೆ, 2024ರ ನಿಯಮದ ಪ್ರಕಾರ ಇಂಥವನ್ನು ಇಟ್ಟುಕೊಂಡರೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಮ್ಮ ದೇಶದ್ದೇ ಕೆಲವು ಚಿಟ್ಟೆ, ದುಂಬಿಗಳೂ ಕಾಯ್ದೆಯ ಪಟ್ಟಿಯಲ್ಲಿವೆ. ನಮ್ಮ ಭೀಮಗಡದಂಥ ಅಭಯಾರಣ್ಯದಿಂದ ಒಂದು ಹುಳ ತಂದರೂ ತಪ್ಪೇ. ಲಿಂಬೆ ಗಿಡದ ಕೀಡೆಗೆ ಇದ್ಯಾವ ತಲೆಬಿಸಿಯೂ ಇಲ್ಲ.

ನಾನು ಇಷ್ಟು ದಿನದಲ್ಲಿ ಇಟ್ಟುಕೊಂಡಿರುವುದು ಎರಡೇ. ಪೇರಲ ಎಲೆ ತಿನ್ನುವ ಕಡ್ಡಿಹುಳ, ಮತ್ತೆ ಒಂದು ಹಳೆ ಬೋಗುಣಿಯಲ್ಲಿ ಮಣ್ಣುಪುಡಿ ಹಾಕಿ ಕುಣಿಹುಳ. ಕುಣಿಹುಳ ಅಂದರೆ ಹಳೆ ಗುಡಿಗಳ ಜಗುಲಿಯ ಒಣ ಧೂಳಲ್ಲಿ ಆಲಿಕೆಯಾಕಾರದ ಕುಣಿ ತೋಡಿ ತಳದಲ್ಲಿ ಕೂರುತ್ತದಲ್ಲ, ಅದು. ಇರುವೆ ಜಾರಿದರೆ ಕೆಳಗಿನಿಂದ ಮಣ್ಣು ಎರಚಿ ಬೀಳಿಸುತ್ತದೆ. ನಡೆಯುವುದು ಹಿಂದಕ್ಕೇ. ಮರಿಯಾಗಿದ್ದಷ್ಟೂ ದಿನ ಮಲವಿಸರ್ಜನೆಯೇ ಇಲ್ಲ, ಎಲ್ಲ ಹೊಟ್ಟೆಯಲ್ಲೇ. ರೆಕ್ಕೆ ಬಂದ ಮೇಲೆ ಒಂದೇ ಸಲ. ಇದಕ್ಕಿಂತ ಸ್ವಚ್ಛ ಸಾಕುಪ್ರಾಣಿ ಬೇಕಾ?

ಇರುವೆ ಸಾಲು | ಜೂನ್ 17

ನಮ್ಮ ಹುಡುಗಿಯರನ್ನೇ ತಿನ್ನಿಸಿ ಸ್ವಚ್ಛ ಅಂತೀರಲ್ಲ ಸರ್.

ಗುಮ್ಮಟದ ನೆರಳು | ಜೂನ್ 24

ಸುದ್ದಿ ಕೊಡಲು ತಡವಾಯಿತು. ಮೂರೂ ಕೀಡೆ ಕೋಶ ಕಟ್ಟಿದವು. ಒಂದು ಹಸಿರು ಕೋಶ, ಎರಡು ಕಂದು. ನಿನ್ನೆ ನಸುಕಿನಲ್ಲಿ ಮೊದಲನೆಯದು ಹೊರಗೆ ಬಂತು. ಕೋಶ ಹಿಂದಿನ ರಾತ್ರಿಯೇ ಕಪ್ಪಾಗಿತ್ತು, ಒಳಗಿನ ರೆಕ್ಕೆಯ ಹಳದಿ ಚುಕ್ಕೆ ಕಾಣುತ್ತಿದ್ದವು. ಹೊರಬಂದಾಗ ರೆಕ್ಕೆ ಒದ್ದೆ ಕಾಗದದ ಉಂಡೆ. ಕಡ್ಡಿ ಹತ್ತಿ ಜೋತುಬಿದ್ದು ಇಷ್ಟಿಷ್ಟೇ ಬಿಚ್ಚಿಕೊಂಡಿತು. ಮಗಳು ಹಲ್ಲುಜ್ಜದೆ ಕೂತಿದ್ದಳು. ಮನೆಯವಳು ಬೈಯಲು ಬಂದವಳು ಅಲ್ಲೇ ಕೂತಳು. ಹಾಲು ಉಕ್ಕಿತು.

ಮೊಟ್ಟೆಗೂಡಿನದು ಬೇರೆ ಕತೆ. ಮೊನ್ನೆ ಅದರ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತುಗಳು ಕಂಡವು. ಪಂಜರದಲ್ಲಿ ಹಸಿರು ಹೊಳಪಿನ ಸಣ್ಣ ಸಣ್ಣ ನೊಣ ಓಡಾಡುತ್ತಿವೆ, ಕೆಲವಕ್ಕೆ ಉದ್ದ ಬಾಲದಂಥದ್ದು. ಒಂದೂ ಸೂರ್ಯನ ಕುದುರೆ ಇಲ್ಲ.

ಘಟಪ್ರಭಾ ತಮ್ಮ | ಜೂನ್ 24

ಅಯ್ಯೋ ಅಣ್ಣಾ. ಅದು ನೊಣ ಅಲ್ಲ, ಕಣಜದ ಜಾತಿ. ಬಾಲದಂಥದ್ದು ಹೆಣ್ಣಿನ ಮೊಟ್ಟೆ ಇಡುವ ಸೂಜಿ. ಕುದುರೆ ಇಟ್ಟ ಮೊಟ್ಟೆಯೊಳಗೆ ಅದು ತನ್ನ ಮೊಟ್ಟೆ ಇಟ್ಟಿತ್ತು. ಆದರೆ ಗೂಡು ಎಸೆಯಬೇಡಿ. ಎಲ್ಲ ಮೊಟ್ಟೆಗೂ ಅದರ ಸೂಜಿ ಮುಟ್ಟಿರಲ್ಲ, ಒಳಗಿನವು ಉಳಿದಿರಬಹುದು. ಇನ್ನೂ ಮೂರು ವಾರ ನೀರು ಹೊಡೆಯುತ್ತಿರಿ.

ಎರೆಹೊಲ | ಜೂನ್ 24

ಮೊಟ್ಟೆಯೊಳಗೆ ಮೊಟ್ಟೆ. ನಮ್ಮ ಊರಿನ ಸೊಸೈಟಿ ಎಲೆಕ್ಷನ್ ಇದ್ದ ಹಾಗೇ ಇದೆ.

ಗುಮ್ಮಟದ ನೆರಳು | ಜುಲೈ 6

ತಮ್ಮಾ, ನಿಮ್ಮ ಮಾತು ಸುಳ್ಳಾಗಲಿಲ್ಲ. ಜಮಖಂಡಿಗೆ ಮದುವೆಗೆ ಹೋಗಿದ್ದೆವು. ನಿನ್ನೆ ಸಂಜೆ ಬಂದು ಬೀಗ ತೆಗೆದರೆ ಪಂಜರದ ಹೊಲಿಗೆ ಒಂದು ಮೂಲೆಯಲ್ಲಿ ಬಿಚ್ಚಿತ್ತು. ಕಿಟಕಿ ಪರದೆ ಮೇಲೆಲ್ಲ ಇರುವೆಗಿಂತ ಚೂರು ಉದ್ದದ ಕುದುರೆಗಳು, ಮುಂಗಾಲು ಮಡಚಿಕೊಂಡು ತೂಗಾಡುತ್ತಾ ನಿಂತಿದ್ದವು. ಮಗಳು ನೋಟ್‌ಬುಕ್‌ನಲ್ಲಿ ಎರಡು ಸಾಲು ಮಾಡಿದ್ದಾಳೆ. ಕಣಜ 14, ಕುದುರೆ 31. ಕಣಜದ ಚಿತ್ರವನ್ನೇ ಚೆನ್ನಾಗಿ ಬರೆದಿದ್ದಾಳೆ.

ಇಪ್ಪತ್ತಾರನ್ನು ದಾಳಿಂಬೆ ಗಿಡಕ್ಕೂ ಪಕ್ಕದ ಮನೆಯ ದಾಸವಾಳಕ್ಕೂ ಬಿಟ್ಟೆವು. ನಾಲ್ಕು ಡಬ್ಬಿಯಲ್ಲಿವೆ. ಒಂದು ಸಿಗುತ್ತಿಲ್ಲ. ಅದು ಸಿಗುವವರೆಗೆ ಪರದೆ ಒಗೆಯಬಾರದು ಅಂತ ಮನೆಯವಳ ಆರ್ಡರ್.